ಸುಣ್ಣ ಬೇಕು, ಮೈಲುತುತ್ತು ಬೇಡ

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆಗಾಲ ಹಿಡಿಯುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಬರೆದರು. ಅಂದಿನಿಂದ ಇಂದಿನವರೆಗೆ ಸುಣ್ಣ-ಮೈಲುತುತ್ತಿನ ಈ ಬೋರ್ಡೋ ದ್ರಾವಣವೇ ಅಡಿಕೆ ತೋಟದ ಕಾವಲು.

ಈ ಸಲ ಮದ್ದು ಬಿಡುವ ದಿನವೇ ಕೊಲ್ಲಿಯಲ್ಲಿರುವ ಅಳಿಯನ ಫೋನು ಬಂತು. ಅವನ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ನಾಲ್ಕು ಮೀನು, ಕೆಲವು ಹವಳ. "ಮಾವ, ಹವಳದ ಬುಡದಿಂದ ಸಿಪ್ಪೆ ಏಳ್ತಾ ಇದೆ. ನಮ್ಮ ಬೋರ್ಡೋದ ಹಾಗೆ ಇದಕ್ಕೂ ಏನಾದರೂ ಮದ್ದು ಉಂಟಾ?"

ಬೋರ್ಡೋದ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಅದರ ಎರಡು ಸಾಮಗ್ರಿಗಳಲ್ಲಿ ಒಂದು ಹವಳದ ಮೈ ಕಟ್ಟುತ್ತದೆ, ಇನ್ನೊಂದು ಅದರ ಜೀವ ತೆಗೆಯುತ್ತದೆ.

ಹವಳ ಗಿಡವಲ್ಲ, ಕಲ್ಲೂ ಅಲ್ಲ. ಅಂಬಲಿ ಮೀನಿನ ಬಳಗದ ಪ್ರಾಣಿ. ಒಂದು ಕೊಂಬೆಯಲ್ಲಿ ನೂರಾರು ಪಾಲಿಪ್‌ಗಳು, ತೆಳು ಚರ್ಮದಿಂದ ಒಂದಕ್ಕೊಂದು ಅಂಟಿಕೊಂಡು ಒಂದೇ ಮನೆಯವರಂತೆ ಬಾಳುತ್ತವೆ. ಪ್ರತಿ ಪಾಲಿಪ್ ಒಂದು ಬಾಯಿ, ಸುತ್ತ ಕುಟುಕುವ ಎಳೆಗಳು ಇರುವ ಪುಟ್ಟ ಚೀಲ. ಅದರ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿಗಳಿವೆ. ಅವು ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತವೆ. ಹವಳದ ಊಟದ ದೊಡ್ಡ ಪಾಲು ಅಲ್ಲಿಂದಲೇ. ಕೂರುವ ಜಾಗವನ್ನು ಮಾತ್ರ ಪಾಲಿಪ್ ತಾನೇ ಕಟ್ಟಿಕೊಳ್ಳಬೇಕು. ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ಅಡಿಗೆ ಕಲ್ಲಿನ ಅಸ್ಥಿಯನ್ನು ಹಾಸುತ್ತಾ ಹೋಗುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತೊಟ್ಟಿಯಲ್ಲಿ ಹವಳ ಬೆಳೆದಂತೆ ಇದು ಇಳಿಯುತ್ತದೆ. ಆದ್ದರಿಂದಲೇ ಹವಳ ಸಾಕುವವರು ಶುದ್ಧ ಸುಣ್ಣದ ತಿಳಿನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಾರೆ.

ಅಳಿಯ ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹವಳ ಬಿಳಿಯಾಗುವುದು ಎರಡು ಬಗೆ, ಎರಡನ್ನೂ ಬೇರೆಯಾಗಿ ಗುರುತಿಸಲೇಬೇಕು. ಬಿಸಿ ಹೆಚ್ಚಾದಾಗ ಒಳಗಿನ ಪಾಚಿ ಹೊರಬೀಳುತ್ತದೆ. ಆಗ ಮಾಂಸ ಗಾಜಿನಂತೆ ಪಾರದರ್ಶಕವಾಗಿ ಅಡಿಯ ಬಿಳಿ ಕಲ್ಲು ಕಾಣುತ್ತದೆ, ಪಾಲಿಪ್ ಮಾತ್ರ ಬದುಕಿರುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆದದ್ದು ಇದು. ಕಡಲು ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು. ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ. ಎರಡನೆಯ ಬಗೆಯಲ್ಲಿ ಮಾಂಸವೇ ಕಳಚಿ ಬೀಳುತ್ತದೆ, ಬರಿಯ ಅಸ್ಥಿ ಉಳಿಯುತ್ತದೆ. ಅಳಿಯನ ತೊಟ್ಟಿಯಲ್ಲಿ ಇದೇ ನಡೆದಿತ್ತು. ಕೊಂಬೆ ಹವಳಗಳಲ್ಲಿ ಇದು ಒಂದೆರಡು ದಿನದಲ್ಲಿ ಬುಡದಿಂದ ತುದಿ ಮುಟ್ಟಬಹುದು.

ಆಗ ಮಾಡುವ ಕೆಲಸ ಕೊಳೆತ ಗೊನೆ ತೆಗೆದಷ್ಟೇ ನಿಷ್ಠುರ. ರೋಗದ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಮೇಲೆ, ಬಣ್ಣ ಮಾಸದ ಜಾಗದಲ್ಲಿ ಕೊಂಬೆ ಕತ್ತರಿಸಬೇಕು. ಕಂದು ಲೋಳೆ ಕಂಡರೆ ಕೊಳವೆಯಿಂದ ಹೀರಿ ಹೊರಗೆ ಚೆಲ್ಲಬೇಕು. ಮಾಂಸ ತಿನ್ನುವ ಸೂಕ್ಷ್ಮಜೀವಿಗಳು ಅದರಲ್ಲಿ ತುಂಬಿರುತ್ತವೆ. ತುಂಡುಗಳನ್ನು ಅದೇ ಉಪ್ಪು, ಅದೇ ಬಿಸಿಯ ನೀರಿಗೆ ಹವಳಕ್ಕೆಂದೇ ಮಾರುವ ಅಯೋಡಿನ್ ದ್ರಾವಣ ಬೆರೆಸಿ, ಅದರಲ್ಲಿ ಕೆಲವು ನಿಮಿಷ ಅದ್ದಿ, ಬೇರೆ ತೊಟ್ಟಿಯಲ್ಲಿ ನೀರು ಚೆನ್ನಾಗಿ ಹರಿಯುವಲ್ಲಿ ಇಡಬೇಕು.

"ಮೀನಿನ ಬಿಳಿಚುಕ್ಕಿಗೆ ತಂದ ಔಷಧಿ ಉಂಟು, ಹಾಕಲಾ?" ಎಂದ. ಬೇಡವೇ ಬೇಡ ಎಂದೆ. ಅಂಥ ಎಷ್ಟೋ ಔಷಧಿಗಳಲ್ಲಿ ಇರುವುದು ತಾಮ್ರ, ನಮ್ಮ ಮೈಲುತುತ್ತಿನ ಜೀವಾಳ. ಲೀಟರಿಗೆ 0.2 ಮಿಲಿಗ್ರಾಂ ತಾಮ್ರವನ್ನು ಮೀನು ತಡೆದುಕೊಳ್ಳುತ್ತದೆ. ಹವಳ, ಸಿಗಡಿ, ಶಂಖದ ಹುಳು ತಡೆಯುವುದಿಲ್ಲ. ತೊಟ್ಟಿಯ ಕಲ್ಲು, ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ಮೆಲ್ಲನೆ ನೀರಿಗೆ ಬಿಡುತ್ತವೆ.

ರೋಗ ಶುರುವಾದದ್ದು ಎಲ್ಲಿ? ಅವನು ಎರಡು ವಾರ ರಜೆಯಲ್ಲಿ ಊರಿಗೆ ಬಂದಿದ್ದ. ನೀರು ಆರಿ ಉಪ್ಪು ಏರಿತ್ತು, ಹವಳ ಸುಣ್ಣ ಹೀರಿ ಕ್ಷಾರಗುಣ ಇಳಿದಿತ್ತು. ಮರಳಿದವನೇ ಗಾಬರಿಯಲ್ಲಿ ಒಂದೇ ದಿನದಲ್ಲಿ ಎಲ್ಲವನ್ನೂ ಸರಿಮಾಡಿದ. ಏರುಪೇರಿಗಿಂತ ಆ ಅವಸರವೇ ಹವಳಕ್ಕೆ ಹೆಚ್ಚು ಪೆಟ್ಟು ಕೊಟ್ಟಿರಬೇಕು. ಒಂದು ಲೀಟರಿಗೆ 35 ಗ್ರಾಂ ಉಪ್ಪು, 25-26 ಡಿಗ್ರಿ ಬಿಸಿ, ದಿನವೂ ಒಂದೇ ಹದ: ಹವಳ ಕೇಳುವುದು ಇಷ್ಟೇ. ಕಡಲು ಸಾವಿರಾರು ವರ್ಷದಿಂದ ಅದಕ್ಕೆ ಕೊಟ್ಟದ್ದೂ ಈ ಸ್ಥಿರತೆಯನ್ನೇ.

ಆ ಕಡಲೇ ಈಗ ಹದ ತಪ್ಪುತ್ತಿದೆ. 2014ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮಾಂಸ ಕಳಚುವ ಹೊಸ ಹವಳ ರೋಗವೊಂದು ಕಾಣಿಸಿಕೊಂಡು ಕೆರಿಬಿಯನ್ ಉದ್ದಕ್ಕೂ ಹರಡಿತು. ಮುಳುಗುಗಾರರು ಕಡಲಿಗಿಳಿದು ಒಂದೊಂದೇ ಹವಳದ ಗಾಯದ ಅಂಚಿಗೆ ಅಮಾಕ್ಸಿಸಿಲಿನ್ ಲೇಪ ಹಚ್ಚಿದರು. ರೋಗ ತಾಗದ ಹವಳಗಳನ್ನು ಎತ್ತಿ ತಂದು ತೊಟ್ಟಿಗಳಲ್ಲಿ ಕಾಪಾಡಿದರು. ಹವಳವನ್ನು ತುಂಡು ಮಾಡಿ ಬೆಳೆಸುವ ವಿದ್ಯೆ, ತೊಟ್ಟಿಯಲ್ಲಿ ಸಾಕುವವರಿಗೆ ಚಿರಪರಿಚಿತವಾದದ್ದು, ಈಗ ಹವಳದ ದಿಬ್ಬಗಳನ್ನು ಮತ್ತೆ ಕಟ್ಟಲು ಬಳಕೆಯಾಗುತ್ತಿದೆ.

ನಮಗೂ ಹವಳ ದೂರವಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ದಿಬ್ಬ ಕಟ್ಟುವ ಹವಳಗಳನ್ನು ನಮ್ಮ ದೇಶ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೇ, ಸೇರಿಸಿದೆ. ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ಶೋಕಿಗೆಂದು ಒಂದು ತುಂಡನ್ನೂ ಮನೆಗೆ ತರಬೇಡಿ.

ಅಳಿಯ ಐದು ತುಂಡು ಕತ್ತರಿಸಿದ್ದ. ತಾಯಿ ಹವಳ ಹೋಯಿತು, ಎರಡು ತುಂಡುಗಳೂ ಹೋದವು. ಮೂರು ಉಳಿದಿವೆ. ಮೊನ್ನೆ ಕಳಿಸಿದ ಚಿತ್ರದಲ್ಲಿ ಒಂದರ ಕತ್ತರಿಸಿದ ಬುಡವನ್ನು ಹೊಸ ಮಾಂಸ ಮುಚ್ಚಿ, ಅಂಟಿಸಿದ ಕಲ್ಲಿನ ಮೇಲೂ ಹಬ್ಬತೊಡಗಿತ್ತು. ಮುಂದಿನ ರಜೆಗೆ ಬರುವ ಮೊದಲು ಸುಣ್ಣದ ತಿಳಿ ತಾನಾಗಿ ತೊಟ್ಟಿಕ್ಕುವಂತೆ ಏರ್ಪಾಡು ಮಾಡಿಕೊಳ್ಳುತ್ತೇನೆ ಎಂದಿದ್ದಾನೆ.