ಹಳೆಯ ವಾದ್ಯಗಳ ಕಚೇರಿಗೆ ಹೋಗುವ ಮುನ್ನ



ಕಳೆದ ತಿಂಗಳು ನಮ್ಮ ವಾಚನಾಲಯಕ್ಕೆ ಒಂದು ಸಂಗೀತ ಕಚೇರಿಯ ನಾಲ್ಕು ಉಚಿತ ಪ್ರವೇಶಪತ್ರಗಳು ಬಂದಿದ್ದುವು. ಯೂರೋಪಿನ ಒಂದು ತಂಡವು ಅಲ್ಲಿಯ ಸುಮಾರು ಮುನ್ನೂರು ವರ್ಷ ಹಿಂದಿನ ಸಂಗೀತವನ್ನು ಆ ಕಾಲದ ಮಾದರಿಯ ವಾದ್ಯಗಳ ಮೇಲೆಯೇ ನುಡಿಸುವುದೆಂದು ಅವುಗಳಲ್ಲಿ ಅಚ್ಚಾಗಿತ್ತು. ಎರಡು ದಿನ ಆ ಪತ್ರಗಳು ಮೇಜಿನ ಮೇಲೆಯೇ ಬಿದ್ದಿದ್ದುವು. "ಇದು ನಮ್ಮಂಥವರಿಗಲ್ಲ" ಎಂದರು ಒಬ್ಬರು. "ಹಳೇ ವಾದ್ಯ ಏತಕ್ಕೆ? ಹೊಸದು ಕೊಳ್ಳಲು ಅವರ ಹತ್ತಿರ ದುಡ್ಡಿಲ್ಲವೆ?" ಎಂದು ನಕ್ಕರು ಇನ್ನೊಬ್ಬರು. ಕೊನೆಗೆ ಪಾಳಿ ಮುಗಿಸಿಕೊಂಡು ನಾವು ನಾಲ್ವರು ಹೊರಟೆವು.

ನಿಜ ಹೇಳಬೇಕೆಂದರೆ, ಮೊದಲ ಕಾಲು ಗಂಟೆ ನಮಗೆ ನಿರಾಶೆಯೇ ಆಯಿತು. ಹಗಲೆಲ್ಲ ಮಗ್ಗಗಳ ಸದ್ದು ತುಂಬಿಕೊಂಡಿದ್ದ ಕಿವಿಗೆ ಅಲ್ಲಿಯ ನಾದ ಎಟುಕಲೇ ಇಲ್ಲ. "ಧ್ವನಿವರ್ಧಕ ಕೆಟ್ಟಿರಬೇಕು" ಎಂದರು ನಮ್ಮ ಜೊತೆಯ ಹಿರಿಯರು. ನೋಡಿದರೆ ಅಲ್ಲಿ ಧ್ವನಿವರ್ಧಕವೇ ಇರಲಿಲ್ಲ! ಆದರೆ ಬಿಸಿಲಿನಿಂದ ಕತ್ತಲೆ ಕೋಣೆಗೆ ಹೊಕ್ಕವನಿಗೆ ಸ್ವಲ್ಪ ಹೊತ್ತಾದ ಮೇಲೆ ಪಾತ್ರೆಪಡಗ ಒಂದೊಂದಾಗಿ ಕಾಣುವಂತೆ, ಬರಬರುತ್ತ ನಮಗೂ ಒಂದೊಂದು ತಂತಿಯ ದನಿ ಬೇರೆಬೇರೆಯಾಗಿ ಕೇಳತೊಡಗಿತು. ಮುಗಿಯುವ ಹೊತ್ತಿಗೆ ನಾಲ್ವರಲ್ಲಿ ಯಾರಿಗೂ ಏಳುವ ಮನಸ್ಸಿರಲಿಲ್ಲ. ಇಂಥ ಕಚೇರಿ ಮತ್ತೆ ಬಂದಾಗ ನಮ್ಮ ಬಂಧುಗಳು ಮೊದಲ ಕಾಲು ಗಂಟೆಗೇ ಎದ್ದು ಬರಬಾರದೆಂದು, ಕಂಡುಕೇಳಿ ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ಹಳೆಯ ವಾದ್ಯ ಏತಕ್ಕೆ ಎಂಬುದೇ ಮೊದಲ ಪ್ರಶ್ನೆ. ಒಂದು ಕಾಲದ ಸಂಗೀತ ಆ ಕಾಲದ ವಾದ್ಯದ ಗುಣವನ್ನು ನೋಡಿಕೊಂಡೇ ಹುಟ್ಟುತ್ತದೆ. ವೀಣೆಗಾಗಿ ಬೆಳೆದ ಗಮಕವನ್ನು ಹಾರ್ಮೋನಿಯಂ ಮೇಲೆ ನುಡಿಸಲು ಹೊರಟರೆ ಏನಾಗುವುದೆಂದು ನಮಗೆ ಗೊತ್ತು. ಸ್ವರ ಸಿಗುತ್ತದೆ, ಜೀವ ಸಿಗುವುದಿಲ್ಲ. ಅಲ್ಲಿಯ ಕಥೆಯೂ ಹಾಗೆಯೇ. ಜರ್ಮನಿಯ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಲೈಪ್ಸಿಗ್ ನಗರದಲ್ಲಿ ಇಗರ್ಜಿಯ ಸಂಗೀತ ನಡೆಸುವ ಸಂಬಳದ ನೌಕರನಾಗಿದ್ದ. ತನ್ನ ಮುಂದಿದ್ದ ವಾದ್ಯಗಳನ್ನೂ ಹಾಡುವ ಹುಡುಗರನ್ನೂ ಎಣಿಸಿಕೊಂಡೇ ಆತ ಬರೆದ. ಆಮೇಲೆ ಸಭಾಂಗಣಗಳು ದೊಡ್ಡವಾದುವು. ಹಿಂದಿನ ಸಾಲಿನವರಿಗೂ ಕೇಳಿಸಬೇಕಲ್ಲ? ತಂತಿಗಳನ್ನು ಬಿಗಿದರು, ಕೊಳಲಿಗೆ ಕೀಲಿಗಳನ್ನು ಕೂಡಿಸಿದರು, ತುತ್ತೂರಿಗೆ ಗುಂಡಿಗಳನ್ನಿಟ್ಟರು. ಶಬ್ದ ಹೆಚ್ಚಿತು. ಆದರೆ ಹಳೆಯ ನುಡಿಗಟ್ಟು ಕೆಲವು ಕಡೆ ಅಳಿಸಿಹೋಯಿತು.

1727ರಲ್ಲಿ ಮೊದಲು ನುಡಿಸಲಾದ ಬಾಖನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಎಂಬ ದೊಡ್ಡ ಕೃತಿಯನ್ನು ಮೆಂಡೆಲ್ಸನ್ ಎಂಬ ಇಪ್ಪತ್ತರ ತರುಣ 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ನುಡಿಸಿದ. ಅಷ್ಟರಲ್ಲಿ ಅದಕ್ಕೆ ಬೇಕಾದ ಕೆಲವು ಊದುವ ವಾದ್ಯಗಳು ಬಳಕೆಯಿಂದಲೇ ಹೋಗಿದ್ದುವು. ಅವುಗಳ ಜಾಗದಲ್ಲಿ ಕ್ಲಾರಿನೆಟ್ ಇಡಬೇಕಾಯಿತು. ಬರೀ ನೂರೆರಡು ವರ್ಷಗಳಲ್ಲಿ ಇಷ್ಟು ಮರೆವು!

ಇನ್ನು ಅಲ್ಲಿ ಕಾಣುವ ವಾದ್ಯಗಳ ಪರಿಚಯ. ಪಿಟೀಲು ನಮಗೆ ಹೊಸದಲ್ಲ. ಇನ್ನೂರು ವರ್ಷಗಳಿಂದ ನಮ್ಮ ಕಚೇರಿಗಳಲ್ಲಿ ಅದು ನಮ್ಮದೇ ಆಗಿದೆ. ಆದರೆ ಅಲ್ಲಿಯ ಹಳೆಯ ಬಗೆಯ ಪಿಟೀಲಿಗೆ ಉಕ್ಕಿನ ತಂತಿಯಿಲ್ಲ. ಪ್ರಾಣಿಯ, ಹೆಚ್ಚಾಗಿ ಕುರಿಯ, ಕರುಳನ್ನು ಹೊಸೆದು ಮಾಡಿದ ತಂತಿ. ಕಮಾನು ಕೂಡ ಇಂದಿನಂತೆ ಒಳಕ್ಕೆ ಬಾಗಿರದೆ ಹೊರಕ್ಕೆ ಉಬ್ಬಿದ್ದು ಬೇಟೆಯ ಬಿಲ್ಲನ್ನು ನೆನಪಿಸುತ್ತದೆ. ಎಡೆಬಿಡದೆ ಎಳೆದ ದಾರದಂತಲ್ಲ ಅದರ ನಾದ. ಮಾತಿನಂತೆ ಒತ್ತಿ, ಬಿಟ್ಟು, ಉಸಿರು ತೆಗೆದುಕೊಂಡು ಸಾಗುತ್ತದೆ.

ಮರದ ಪೆಟ್ಟಿಗೆಯಂತೆ ಕಾಣುವ ದೊಡ್ಡ ವಾದ್ಯ ಹಾರ್ಪ್ಸಿಕಾರ್ಡ್. ನೋಡಲು ಪಿಯಾನೋದ ಅಕ್ಕನಂತಿದ್ದರೂ ಒಳಗಿನ ಕೆಲಸ ಬೇರೆ. ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಅದನ್ನು ಸುಮಾರು 1700ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ತೋಫೊರಿ ಎಂಬಾತ ರೂಪಿಸಿದ. ಹಾರ್ಪ್ಸಿಕಾರ್ಡಿನಲ್ಲಾದರೋ ಹಕ್ಕಿಯ ಗರಿಯ ದಂಟಿನ ಚೂರು ತಂತಿಯನ್ನು ಮೀಟುತ್ತದೆ. ವೀಣೆಯ ಮೀಟು ಕೇಳಿದ ಕಿವಿಗೆ ಇದು ಬೇಗ ಒಗ್ಗುತ್ತದೆ. ಬೆರಳನ್ನು ಎಷ್ಟೇ ಬಲವಾಗಿ ಒತ್ತಿದರೂ ಶಬ್ದ ಹೆಚ್ಚುವುದಿಲ್ಲ. ಬೇಗ, ತಡ, ಬಿಡಿ, ಜೋಡಿ ಎಂಬ ಕಾಲದ ಆಟದಿಂದಲೇ ವಾದಕನು ಭಾವ ತರಬೇಕು.

ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ಆರೇಳು ತಂತಿಯ ವಾದ್ಯಕ್ಕೆ ವಿಯೊಲ ದ ಗಾಂಬ ಎಂದು ಹೆಸರು. ಅದರ ಕುತ್ತಿಗೆಗೆ ಕರುಳಿನ ದಾರದ ಮೆಟ್ಟಿಲುಗಳನ್ನು ಸುತ್ತಿರುತ್ತಾರೆ. ಸಿತಾರಿನಲ್ಲಿಯಂತೆ ಅವನ್ನು ಸರಿಸಿ ಶ್ರುತಿ ನೇರ್ಪಡಿಸಬಹುದು. ತುತ್ತೂರಿಗೆ ಗುಂಡಿಗಳಿಲ್ಲ, ತುಟಿ ಮತ್ತು ಉಸಿರಿನ ಬಲದಿಂದಲೇ ಸ್ವರ ಹೊರಡಬೇಕು. ನಮ್ಮ ಜಾತ್ರೆಗಳಲ್ಲಿ ಕೊಂಬು ಕಹಳೆ ಊದುವವರ ಕಷ್ಟ ಕಂಡವರು, ನಡುವೆ ಒಂದು ಸ್ವರ ಒಡೆದರೆ ನಗಲಾರರು.

ಶ್ರುತಿಯ ವಿಷಯವೂ ಒಂದಿದೆ. ಹಿಂದೆ ಯೂರೋಪಿನಲ್ಲಿ ಊರಿಗೊಂದು ಶ್ರುತಿ ಇತ್ತು. ಇಂದಿನ ವಾದ್ಯವೃಂದಗಳ 440 ಎಂಬ ಅಳತೆ 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯಲ್ಲಿ ನಿಗದಿಯಾಯಿತು. ಹಳೆಯ ವಾದ್ಯದವರು ಬಹಳ ಸಲ 415 ಎಂಬ, ಅರ್ಧ ಸ್ವರದಷ್ಟು ತಗ್ಗಿನ ಶ್ರುತಿ ಹಿಡಿಯುತ್ತಾರೆ. ನಾದ ಗಟ್ಟಿಯಾಗಿರದೆ ತಂಪಾಗಿರಲು ಇದೂ ಒಂದು ಕಾರಣ.

ಇಷ್ಟೆಲ್ಲ ಮರೆತುಹೋಗಿದ್ದುದು ಮತ್ತೆ ಹೇಗೆ ಬಂದಿತು? ಇದರ ಹಿಂದೆ ಅನೇಕರ ದುಡಿಮೆಯಿದೆ. ಇಬ್ಬರ ಕಥೆ ಹೇಳಿದರೆ ಸಾಕು. ಮೊದಲನೆಯವನು ಆರ್ನಲ್ಡ್ ಡಾಲ್ಮೆಚ್. 1858ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಇಂಗ್ಲೆಂಡಿಗೆ ವಲಸೆ ಬಂದವನು. ಹಳೆಯ ವಾದ್ಯಗಳನ್ನು ಹುಡುಕಿ ರಿಪೇರಿ ಮಾಡಿ, ಸಿಗದವನ್ನು ತನ್ನ ಕೈಯಿಂದಲೇ ಮಾಡಿದ. ಅವನ ಬಳಿ ರೆಕಾರ್ಡರ್ ಎಂಬ, ನೇರವಾಗಿ ಹಿಡಿದು ಊದುವ ಹಳೆಯ ಮರದ ಕೊಳಲೊಂದಿತ್ತು. 1919ರಲ್ಲಿ ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದಲ್ಲಿ ಅದಿದ್ದ ಚೀಲ ಮರೆತುಹೋಗಿ ಕಳೆದುಹೋಯಿತು. ಮರೆತವನು ಅವನ ಚಿಕ್ಕ ಮಗ ಕಾರ್ಲ್. ತಂದೆಯು ತಾನು ಬರೆದಿಟ್ಟುಕೊಂಡಿದ್ದ ಅಳತೆಗಳಿಂದ ಹೊಸ ಕೊಳಲು ಮಾಡಲು ಕುಳಿತ. ಅಲ್ಲಿಂದ ಮುಂದೆ ಆ ಕೊಳಲು ಮತ್ತೆ ಬಳಕೆಗೆ ಬಂದು ಶಾಲೆಯ ಮಕ್ಕಳ ಕೈಗೂ ಸೇರಿತು. ಚೀಲ ಮರೆತ ಆ ಹುಡುಗನೇ ಮುಂದೆ ಆ ವಾದ್ಯದ ಹೆಸರಾಂತ ವಾದಕನಾದ. 1925ರಲ್ಲಿ ಈ ಕುಟುಂಬ ಹೇಸಲ್ಮಿಯರ್ ಎಂಬ ಊರಿನಲ್ಲಿ ಹಳೆಯ ಸಂಗೀತದ ಉತ್ಸವವನ್ನೇ ಆರಂಭಿಸಿತು.

ಎರಡನೆಯವನು ವಿಯೆನ್ನಾದ ನಿಕೊಲಾಸ್ ಹಾರ್ನನ್ಕೂರ್. ಈತನ ಕಥೆ ನಮ್ಮಂಥ ನೌಕರರು ಓದತಕ್ಕದ್ದು. 1952ರಿಂದ 1969ರವರೆಗೆ ಈತ ನಗರದ ವಾದ್ಯವೃಂದವೊಂದರಲ್ಲಿ ಸಂಬಳಕ್ಕೆ ಚೆಲ್ಲೋ ನುಡಿಸುತ್ತಿದ್ದ. 1953ರಲ್ಲಿ ಹೆಂಡತಿ ಆಲಿಸ್ ಮತ್ತು ಕೆಲವು ಜೊತೆಗಾರರೊಡನೆ ಹಳೆಯ ವಾದ್ಯಗಳ ತಂಡ ಕಟ್ಟಿದ. ನೌಕರಿಯ ಜೊತೆಜೊತೆಗೆ ನಾಲ್ಕು ವರ್ಷ ಅಭ್ಯಾಸ ನಡೆಸಿ, 1957ರಲ್ಲಿಯೇ ಮೊದಲ ಬಹಿರಂಗ ಕಚೇರಿ ಕೊಟ್ಟರು. 1971ರಿಂದ ಸುಮಾರು ಇಪ್ಪತ್ತು ವರ್ಷ ದುಡಿದು, ನೆದರ್ಲೆಂಡಿನ ಗುಸ್ತಾವ್ ಲಿಯೊನ್ಹಾರ್ಟ್ ಜೊತೆ ಪಾಲು ಹಂಚಿಕೊಂಡು, ಬಾಖನ ಇಗರ್ಜಿ ಕೃತಿಗಳಾದ ಕಂಟಾಟಗಳನ್ನು ಹಳೆಯ ವಾದ್ಯಗಳ ಮೇಲೆ ಮುದ್ರಿಸಿದರು. ಹಾರ್ನನ್ಕೂರ್ 2016ರಲ್ಲಿ ತೀರಿಕೊಂಡ.

ಬಾಖನ ಕಾಲದ ನಾದವನ್ನು ಹಿಡಿದಿಟ್ಟ ಯಂತ್ರವಿಲ್ಲ. 1752ರಲ್ಲಿ ಕ್ವಾಂಟ್ಸ್ ಕೊಳಲಿನ ಬಗ್ಗೆ, 1753ರಲ್ಲಿ ಬಾಖನ ಮಗ ಕೀಲಿಮಣೆಯ ಬಗ್ಗೆ, 1756ರಲ್ಲಿ ಲಿಯೊಪೋಲ್ಡ್ ಮೊಜಾರ್ಟ್ ಪಿಟೀಲಿನ ಬಗ್ಗೆ ಬರೆದಂಥ ಪಾಠಪುಸ್ತಕಗಳೂ, ವಸ್ತುಸಂಗ್ರಹಾಲಯಗಳಲ್ಲಿ ಉಳಿದ ವಾದ್ಯಗಳೂ ಇವರಿಗೆ ದಾರಿ ತೋರಿಸಿದುವು. ಆದುದರಿಂದ ಕಚೇರಿಯಲ್ಲಿ ಕಾಣುವ ವಾದ್ಯಗಳಲ್ಲಿ ಎಷ್ಟೋ ಹಳೆಯ ಅಳತೆಯಲ್ಲಿ ಹೊಸದಾಗಿ ಮಾಡಿದವು. ಇದರಲ್ಲಿ ಮೋಸವೇನೂ ಇಲ್ಲ.

ಹೋಗುವವರಿಗೆ ಕೆಲವು ಸೂಚನೆಗಳು. ಹತ್ತು ನಿಮಿಷ ಮೊದಲೇ ಹೋಗಿ ಸುಮ್ಮನೆ ಕುಳಿತು ಕಿವಿಗೆ ವಿಶ್ರಾಂತಿ ಕೊಡಿ. ಆದಷ್ಟು ಮುಂದಿನ ಸಾಲು ನೋಡಿಕೊಳ್ಳಿ. ಕೃತಿ ಕೃತಿಗಳ ನಡುವೆ ಶ್ರುತಿ ಕೂಡಿಸಲು ತಡ ಮಾಡಿದರೆ ಬೇಸರಪಡಬೇಡಿ. ಕರುಳಿನ ತಂತಿ ಹವೆಯ ತೇವಕ್ಕೆ ಬೇಗ ಶ್ರುತಿ ತಪ್ಪುತ್ತದೆ, ನಮ್ಮ ಸಮುದ್ರತೀರದ ಊರುಗಳಲ್ಲಂತೂ ಹೇಳುವುದೇ ಬೇಡ. ಒಂದು ಕೃತಿಯಲ್ಲಿ ಮೂರು ನಾಲ್ಕು ಭಾಗಗಳಿರುವುದುಂಟು. ಪೂರ್ತಿ ಮುಗಿದ ಮೇಲೆ ಚಪ್ಪಾಳೆ ತಟ್ಟುವುದು ಇಂದಿನ ರೂಢಿ. ಮೊದಲು ಕೆಳಗಿನ ಮಂದ್ರದ ಸಾಲನ್ನು ಹಿಡಿಯಿರಿ. ಮನೆಗೆ ತಳಪಾಯದಂತೆ ಅದರ ಮೇಲೆ ಉಳಿದುದೆಲ್ಲ ನಿಂತಿರುತ್ತದೆ. ಮೊಬೈಲಿನಲ್ಲಿ ಕೇಳುವವರು ಶಬ್ದ ಏರಿಸದೆ ರಾತ್ರಿ ಊರು ಮಲಗಿದ ಮೇಲೆ ಕೇಳಿ.

ಬಟ್ಟೆಬರೆಯ ಬಗ್ಗೆ ಹಿಂಜರಿಕೆ ಬೇಡ. 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಹ್ಯಾಂಡೆಲನ 'ಮೆಸಾಯ' ಮೊದಲು ನಡೆದಾಗ, ಹೆಚ್ಚು ಜನ ಕೂರಲೆಂದು ಹೆಂಗಸರು ಬಳೆಕಟ್ಟಿನ ಲಂಗ ಉಡದೆ, ಗಂಡಸರು ಕತ್ತಿ ಕಟ್ಟದೆ ಬರಬೇಕೆಂದು ಕೇಳಿಕೊಂಡಿದ್ದರು. ಕೂಡಿದ ಹಣ ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರ ಬಿಡುಗಡೆಗೂ ಹೋಯಿತು. ಇಂಥ ಸಂಗೀತ ನಮ್ಮಂಥವರದಲ್ಲ ಎನ್ನುವುದು ಹೇಗೆ?

ಕಡೆಗೆ ಒಂದು ಮಾತು. ನಾವು ಲೆಕ್ಕ ಬರೆಯುವ ಗಿರಣಿಯಲ್ಲಿ ಕೆಲವು ವರ್ಷಗಳ ಹಿಂದೆ ಹಳೆಯ ಮಗ್ಗಗಳನ್ನು ಗುಜರಿಗೆ ತೂಗಿ ಕೊಟ್ಟರು. ತೂಕದ ಲೆಕ್ಕ ಬರೆದವರು ನಾವೇ. ಕಬ್ಬಿಣ ಎಷ್ಟು ಮಣ ಎಂಬುದು ದಫ್ತರದಲ್ಲಿದೆ. ಆ ಮಗ್ಗದ ಸದ್ದು ಕೇಳಿಯೇ ಯಾವ ಎಳೆ ಹರಿಯಲಿದೆಯೆಂದು ಹೇಳುತ್ತಿದ್ದ ನೇಕಾರರ ತಿಳಿವಳಿಕೆ ಯಾವ ದಫ್ತರದಲ್ಲಿಯೂ ಇಲ್ಲ. ಆ ರಾತ್ರಿ ಕಚೇರಿಯಿಂದ ಹಿಂದಿರುಗುವಾಗ ನಮಗೆ ಇದೇ ನೆನಪಾಯಿತು. ಡಾಲ್ಮೆಚ್‌ನ ಕೊಳಲು ಕಳೆದರೂ ಅಳತೆ ಉಳಿದಿತ್ತು, ಅದರಿಂದ ಕೊಳಲು ಮತ್ತೆ ಹುಟ್ಟಿತು. ನಮ್ಮಲ್ಲಿ ಹಳೆಯ ಕಸಬು, ಹಾಡು, ವಾದ್ಯ ಬಲ್ಲ ಹಿರಿಯರಿದ್ದರೆ ಒಂದು ಭಾನುವಾರ ವಾಚನಾಲಯಕ್ಕೆ ಕರೆತನ್ನಿ. ಬರೆದುಕೊಳ್ಳಲು ನಾವು ಪುಸ್ತಕ ತೆಗೆದಿಟ್ಟಿದ್ದೇವೆ.