ಟ್ರೇಲರ್ ಏರಿ ಬರುವ ಹಾಯಿದೋಣಿ

ಹಾಯಿದೋಣಿ ಎಂದ ಕೂಡಲೇ ನಮ್ಮ ಕಾಸರಗೋಡಿನ ಕಡಲ ಬದಿಯವರಿಗೆ ನೆನಪಾಗುವುದು ಮೀನಿಗೆ ಹೋಗುತ್ತಿದ್ದ ದೋಣಿ, ಇಲ್ಲವೇ ಹಂಚು, ತೆಂಗಿನಕಾಯಿ ಹೇರಿಕೊಂಡು ಹೋಗುತ್ತಿದ್ದ ಮಂಜಿ. ಎರಡೂ ಹೊಟ್ಟೆಪಾಡಿನವು. ನಾನು ಇಂದು ಹೇಳಲಿರುವ ದೋಣಿ ವರ್ಷದ ಬಹುಪಾಲು ಮನೆಯಂಗಳದಲ್ಲೇ ಇರುತ್ತದೆ. ರಜೆ ಬಂದಾಗ ಕಾರಿನ ಹಿಂದೆ, ಟ್ರೇಲರಿನ ಮೇಲೆ ಕೂತು ಕಡಲಿಗೆ ಹೋಗುತ್ತದೆ. ನಾಲ್ಕು ದಿನ ದ್ವೀಪಗಳ ನಡುವೆ ತಿರುಗಿ ಪುನಃ ಅಂಗಳಕ್ಕೆ ಬರುತ್ತದೆ. ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ ನನ್ನ ಮಗಳ ಸಂಸಾರವಿದೆ. ನಿವೃತ್ತಿಯ ನಂತರ ಅಲ್ಲಿದ್ದ ತಿಂಗಳುಗಳಲ್ಲಿ ಅವರ ನೆರೆಯವರ ಇಂಥದೊಂದು ದೋಣಿಯನ್ನು ಹತ್ತಿರದಿಂದ ನೋಡಿದೆ, ಎರಡು ಸಲ ಅದರಲ್ಲಿ ಹೋಗಿಯೂ ಬಂದೆ.

ಈ ಜಾತಿಯ ದೋಣಿಗಳಲ್ಲಿ ಬಹಳ ಹೆಸರಾದುದು ಕೆಟಲಿನಾ 22. ಫ್ರಾಂಕ್ ಬಟ್ಲರ್ ಎಂಬವರು 1969ರಲ್ಲಿ ಇದನ್ನು ರೂಪಿಸಿದರು. ಇಂಥವು 15,000ಕ್ಕೂ ಹೆಚ್ಚು ತಯಾರಾಗಿವೆ. ಉದ್ದ ಇಪ್ಪತ್ತೊಂದೂವರೆ ಅಡಿ, ತೂಕ ಸುಮಾರು ಒಂದು ಟನ್. ಒಳಗೆ ಮಲಗಲು, ಕಾಫಿ ಕಾಯಿಸಲು ಜಾಗವುಂಟು, ನೆಟ್ಟಗೆ ನಿಲ್ಲಲು ಮಾತ್ರ ಇಲ್ಲ. ಅಗಲ ಎಂಟು ಅಡಿಗೂ ಒಳಗೆ. ಅಲ್ಲಿನ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆದೊಯ್ಯಬಹುದಾದ ಅಗಲ ಎಂಟೂವರೆ ಅಡಿ. ದೋಣಿಯ ಸೊಂಟವನ್ನು ಅಳೆದುಕೊಟ್ಟದ್ದು ಸಮುದ್ರವಲ್ಲ, ರಸ್ತೆಯ ಕಾನೂನು!

ಹಾಯಿದೋಣಿ ಗಾಳಿಗೆ ಮಗುಚದಿರಬೇಕಾದರೆ ಅಡಿಯಲ್ಲಿ ಭಾರ ಬೇಕು. ದೊಡ್ಡ ದೋಣಿಗಳಲ್ಲಿ ಆ ಭಾರ ಕೀಲ್ ಎಂಬ ಕಬ್ಬಿಣದ ಅಥವಾ ಸೀಸದ ರೆಕ್ಕೆಯಾಗಿ ಕೆಳಗೆ ಚಾಚಿಕೊಂಡಿರುತ್ತದೆ. ಅದನ್ನು ಟ್ರೇಲರಿನ ಮೇಲೆ ಕೂರಿಸುವುದು ಕಷ್ಟ. ಕೆಟಲಿನಾದಲ್ಲಿ ಈ ರೆಕ್ಕೆಯನ್ನು ಚಾಕು ಮಡಚಿದ ಹಾಗೆ ಮೇಲಕ್ಕೆ ಎಳೆದುಕೊಳ್ಳಬಹುದು. ಇಳಿಸಿದಾಗ ದೋಣಿಗೆ ಐದು ಅಡಿ ಆಳದ ನೀರು ಬೇಕು, ಎತ್ತಿದಾಗ ಎರಡೇ ಅಡಿ ಸಾಕು. ಇನ್ನು ಕೆಲವು ದೋಣಿಗಳಲ್ಲಿ ಭಾರಕ್ಕೆ ನೀರನ್ನೇ ಬಳಸುತ್ತಾರೆ. ಕಡಲಿಗಿಳಿದ ಮೇಲೆ ತಳದ ತೊಟ್ಟಿಗೆ ಐನೂರು ಕಿಲೋಗೂ ಮಿಕ್ಕಿ ನೀರು ತುಂಬಿಸುವುದು, ದಡಕ್ಕೆ ಬಂದಾಗ ಹರಿಯಬಿಡುವುದು. ಉಪಾಯ ಚೆನ್ನಾಗಿದೆ. ಆದರೆ ತೊಟ್ಟಿ ತುಂಬಿಸದೆ ಹಾಯಿ ಏರಿಸಿದರೆ ಆ ದೋಣಿಯನ್ನು ನಂಬುವಂತಿಲ್ಲ.

ದಡದಲ್ಲಿಯೇ ಒಂದು ಅಪಾಯ ಕಾದಿರುತ್ತದೆ. ರಸ್ತೆಯಲ್ಲಿ ಬರುವಾಗ ಹಾಯಿಗಂಬವನ್ನು ಮಲಗಿಸಿರುತ್ತಾರೆ. ನೀರಿನ ಬದಿಗೆ ಬಂದು ಅದನ್ನು ನಿಲ್ಲಿಸಬೇಕು. ಇಪ್ಪತ್ತೈದು ಅಡಿಯ ಅಲ್ಯೂಮಿನಿಯಂ ಕಂಬ. ಅದನ್ನು ಎತ್ತುವಾಗ, ಅಥವಾ ನಿಲ್ಲಿಸಿದ ಕಂಬದೊಂದಿಗೆ ದೋಣಿಯನ್ನು ಇಳಿಜಾರಿನತ್ತ ಎಳೆಯುವಾಗ ಮೇಲಿನ ವಿದ್ಯುತ್ ತಂತಿ ತಗಲಿ ಸತ್ತವರಿದ್ದಾರೆ. ತೋಟದಲ್ಲಿ ಕಬ್ಬಿಣದ ಕೊಕ್ಕೆಯಿಂದ ತೆಂಗಿನಕಾಯಿ ಕೀಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸ್ಥಳದ ವಿಚಾರ. ಅಮೆರಿಕದ ನೆಲಕ್ಕೂ ಕೆನಡಾದ ವ್ಯಾಂಕೂವರ್ ದ್ವೀಪಕ್ಕೂ ನಡುವೆ ಸಾನ್ ವಾನ್ ದ್ವೀಪಗಳಿವೆ. ಹೆಸರಿರುವವೇ ನೂರಕ್ಕೂ ಹೆಚ್ಚು, ಸರಕಾರಿ ದೋಣಿ ನಿಲ್ಲುವುದು ನಾಲ್ಕರಲ್ಲಿ ಮಾತ್ರ. ಗಡಿಯವರಾದ ನಮಗೆ ರುಚಿಸುವ ಕಥೆಯೊಂದು ಇಲ್ಲಿಯದು. ಈ ದ್ವೀಪಗಳು ಬ್ರಿಟಿಷರಿಗೋ ಅಮೆರಿಕನ್ನರಿಗೋ ಎಂಬ ತಕರಾರು ಇದ್ದಾಗ, 1859ರಲ್ಲಿ ಒಬ್ಬ ಅಮೆರಿಕನ್ ರೈತ ತನ್ನ ಆಲೂಗಡ್ಡೆ ತಿಂದ ಬ್ರಿಟಿಷ್ ಕಂಪೆನಿಯ ಹಂದಿಗೆ ಗುಂಡು ಹೊಡೆದ. ಎರಡೂ ಕಡೆಯ ಸೈನ್ಯ ಬಂದು ಬೀಡುಬಿಟ್ಟಿತು. ಕೊನೆಗೆ 1872ರಲ್ಲಿ ಜರ್ಮನಿಯ ಚಕ್ರವರ್ತಿ ಮಧ್ಯಸ್ಥನಾಗಿ ಗಡಿ ಗೆರೆ ಎಳೆದ. ಅಷ್ಟು ವರ್ಷಗಳ ಜಗಳದಲ್ಲಿ ಗುಂಡಿಗೆ ಸತ್ತದ್ದು ಆ ಹಂದಿ ಒಂದೇ. ಗಡಿ ತಕರಾರುಗಳೆಲ್ಲ ಇಷ್ಟು ಅಗ್ಗದಲ್ಲಿ ಮುಗಿಯುವುದಿಲ್ಲ, ಇರಲಿ.

ಸುತ್ತ ನೆಲವಿರುವುದರಿಂದ ತೆರೆದ ಸಾಗರದ ಮಹಾ ಅಲೆಗಳು ಇಲ್ಲಿಗೆ ಬರುವುದಿಲ್ಲ. ಆದುದರಿಂದಲೇ ಇದನ್ನು ಆಸರೆಯ ನೀರು ಎನ್ನುತ್ತಾರೆ. ಆ ಮಾತನ್ನು ಪೂರ್ತಿ ನಂಬಬಾರದು. ಅಲೆಗಳಿಂದ ಆಸರೆ ಇದೆ, ನೀರಿನ ಸೆಳೆತದಿಂದ ಇಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಹೆಚ್ಚೆಂದರೆ ಒಂದೂವರೆ ಮೀಟರಿನ ಆಸುಪಾಸು. ಅಲ್ಲಿ ದೊಡ್ಡ ದಿನಗಳಲ್ಲಿ ಮೂರು ಮೀಟರ್ ಮೀರುತ್ತದೆ. ಅಷ್ಟೂ ನೀರು ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ ಒಳಗೆ ಬರಬೇಕು, ಹಾಗೆಯೇ ಹೊರಗೆ ಹೋಗಬೇಕು. ನಮ್ಮ ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ನಡೆಸಿದವರು ಇದನ್ನು ಹತ್ತು ಪಾಲು ಮಾಡಿ ಊಹಿಸಿಕೊಳ್ಳಲಿ.

ಡಿಸೆಪ್ಷನ್ ಪಾಸ್ ಎಂಬ ಕಿರಿದಾದ ಕಂಡಿಯಲ್ಲಿ ಸೆಳೆತ ಎಂಟು ನಾಟ್ ವರೆಗೆ, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್ ವೇಗಕ್ಕೆ ಏರುತ್ತದೆ. ನಮ್ಮ ದೋಣಿಯ ವೇಗವೆಷ್ಟು? ನಾನು ಗುಮಾಸ್ತನಾಗಿದ್ದವನು, ಲೆಕ್ಕ ಬಿಡಲಾರೆ. ದೋಣಿ ತಾನೇ ಎಬ್ಬಿಸಿದ ಅಲೆಯ ನಡುವೆ ಸಿಕ್ಕಿಕೊಳ್ಳುವುದರಿಂದ ಅದರ ವೇಗಕ್ಕೆ ಒಂದು ಮಿತಿಯಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿ ಎಂದು ನೋಡಿ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ಕೆಟಲಿನಾಕ್ಕೆ ಆ ಉದ್ದ ಸುಮಾರು 19 ಅಡಿ, ವರ್ಗಮೂಲ 4.36, ಗುಣಿಸಿದರೆ 5.84 ನಾಟ್. ಎಂಟರ ಎದುರು ಆರಕ್ಕೂ ಕಡಿಮೆ. ಹಾಯಿ ತುಂಬಿ ನಿಂತಿರುತ್ತದೆ, ನೀರು ಬದಿಯಲ್ಲಿ ರಭಸದಿಂದ ಹಾಯುತ್ತಿರುತ್ತದೆ, ದಡದ ಬಂಡೆ ನೋಡಿದರೆ ದೋಣಿ ಹಿಂದಕ್ಕೆ ಹೋಗುತ್ತಿರುತ್ತದೆ! ಗಾಳಿ ಒಂದು ಕಡೆಯಿಂದ, ಸೆಳೆತ ಎದುರು ಕಡೆಯಿಂದ ಬಂದರಂತೂ ಅಲೆಗಳು ಗೋಡೆಯ ಹಾಗೆ ಕಡಿದಾಗಿ ಏಳುತ್ತವೆ.

ಆದುದರಿಂದ ಅಲ್ಲಿ ಹೊರಡುವ ಹೊತ್ತನ್ನು ಗೊತ್ತುಮಾಡುವುದು ಯಜಮಾನನಲ್ಲ, ಸೆಳೆತದ ಪಟ್ಟಿ. ಸೆಳೆತ ದಿಕ್ಕು ಬದಲಿಸುವ ಮುನ್ನ ನೀರು ಸ್ವಲ್ಪ ಹೊತ್ತು ನಿಂತ ಹಾಗಿರುತ್ತದೆ. ಕಂಡಿಯನ್ನು ದಾಟಬೇಕಾದದ್ದು ಆಗ. ಉಬ್ಬರ ತುಂಬಿದ ಗಳಿಗೆಯೇ ನೀರು ನಿಲ್ಲುವ ಗಳಿಗೆ ಎಂದು ತಿಳಿಯುವುದು ಹೊಸಬರ ತಪ್ಪು. ಅನೇಕ ಕಂಡಿಗಳಲ್ಲಿ ಎರಡಕ್ಕೂ ತಾಳೆಯಾಗುವುದಿಲ್ಲ. ಎತ್ತರದ ಪಟ್ಟಿ ಬೇರೆ, ಸೆಳೆತದ ಪಟ್ಟಿ ಬೇರೆ. ಅಮಾವಾಸ್ಯೆ, ಹುಣ್ಣಿಮೆ ನೋಡಿದರೂ ಸಾಲದು. ಚಂದ್ರ ಸಮಭಾಜಕ ವೃತ್ತದಿಂದ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅದರಿಂದಾಗಿ ಒಂದೇ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲ. ಬೇಸಗೆಯಲ್ಲಿ ಗಾಳಿ ಬಹಳ ಸಲ ಬಿದ್ದುಹೋಗುವುದರಿಂದ ಹಿಂದೆ ಪುಟ್ಟ ಔಟ್‌ಬೋರ್ಡ್ ಇಂಜಿನ್ ಇರಲೇಬೇಕು. ಐದಾರು ಅಶ್ವಶಕ್ತಿ ಸಾಕು, ಎಂಟು ನಾಟಿನ ಎದುರು ಅದೂ ಸೋಲುತ್ತದೆ.

ಇನ್ನು ನೀರಿನ ಚಳಿ. ನಮ್ಮ ಕಡಲಿಗೆ ಬಿದ್ದವ ಈಜು ಗೊತ್ತಿದ್ದರೆ ತೇಲುತ್ತಾನೆ. ಅಲ್ಲಿ ಬೇಸಗೆಯಲ್ಲೂ ನೀರಿನ ಉಷ್ಣತೆ ಹತ್ತು ಹನ್ನೊಂದು ಡಿಗ್ರಿ ಸೆಲ್ಸಿಯಸ್. ಮೊದಲ ಒಂದು ನಿಮಿಷ ಉಸಿರು ಹತೋಟಿ ತಪ್ಪುತ್ತದೆ. ಹತ್ತು ನಿಮಿಷದಲ್ಲಿ ಕೈಕಾಲು ಹೇಳಿದ ಮಾತು ಕೇಳದಾಗುತ್ತವೆ. ಎಚ್ಚರ ತಪ್ಪಲು ಸುಮಾರು ಒಂದು ಗಂಟೆ ಬೇಕು. ಹೆಚ್ಚಿನವರು ಅಷ್ಟರವರೆಗೆ ಉಳಿಯುವುದಿಲ್ಲ, ತೇಲುವ ಅಂಗಿ ತೊಡದೆ ಮೊದಲೇ ಮುಳುಗಿರುತ್ತಾರೆ. ಚೆನ್ನಾಗಿ ಈಜುವವರೂ ಅಲ್ಲಿ ಆ ಅಂಗಿ ತೊಡುವುದು ಇದಕ್ಕಾಗಿ.

ಇಷ್ಟೆಲ್ಲ ಇದ್ದರೂ ಯಾಕೆ ಹೋಗುತ್ತಾರೆ ಎಂದರೆ, ಸುಸಿಯಾದಂಥ ದ್ವೀಪಕ್ಕಾಗಿ. ಸರಕಾರಿ ದೋಣಿ ಅಲ್ಲಿಗೆ ಹೋಗುವುದಿಲ್ಲ. 1791ರಲ್ಲಿ ಬಂದ ಸ್ಪೇನಿನ ನಾವಿಕರು ಇಟ್ಟ ಆ ಹೆಸರಿಗೆ ಕೊಳಕು ಎಂದು ಅರ್ಥ. ಸುತ್ತಲೂ ನೀರಡಿ ಬಂಡೆಗಳಿದ್ದ ಕಾರಣ ಹಾಗೆಂದರು. ಈಗ ಅದು ರಾಜ್ಯದ ಉದ್ಯಾನ. ದೊಡ್ಡ ದೋಣಿಗಳು ಕೊಲ್ಲಿಯ ನಡುವೆ ದೂರದಲ್ಲಿ ಲಂಗರು ಹಾಕುತ್ತವೆ. ಕೀಲ್ ಎತ್ತಿಕೊಂಡ ಸಣ್ಣ ದೋಣಿ ದಡದ ಹತ್ತಿರಕ್ಕೇ ಹೋಗುತ್ತದೆ. ಆಗಲೂ ಪಟ್ಟಿ ನೋಡಬೇಕು. ಸಂಜೆ ಎರಡು ಮೀಟರ್ ನೀರು ಕಂಡಲ್ಲಿ ಬೆಳಗಾಗುವಾಗ ಬರೀ ಕೆಸರಿರಬಹುದು. ಕೆಸರಾದರೆ ದೋಣಿ ಸುಮ್ಮನೆ ಕೂರುತ್ತದೆ, ಮುಂದಿನ ಉಬ್ಬರಕ್ಕೆ ಏಳುತ್ತದೆ. ಬಂಡೆಯಾದರೆ ತಳ ಹೋಯಿತು.

ಆಗಸ್ಟಿನಲ್ಲಿ ಬೆಳಗಿನ ಹೊತ್ತು ಮಂಜು ಕವಿಯುವುದುಂಟು. ದೊಡ್ಡ ಹಡಗುಗಳು ಓಡಾಡುವ ದಾರಿ ಅಡ್ಡ ಬರುವುದರಿಂದ, ನೆರೆಯವರು ಮಂಜು ಪೂರ್ತಿ ಕರಗುವ ತನಕ ಲಂಗರು ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ನೀರು ನಿಲ್ಲುವ ಹೊತ್ತು ದಾಟಿಹೋದರೆ ಆ ದಿನ ಅಲ್ಲಿಯೇ. ಮರುದಿನ ಕಚೇರಿಗೆ ಫೋನು ಮಾಡಿ ರಜೆ ಹೇಳಿದರಾಯಿತು ಎನ್ನುತ್ತಿದ್ದರು.