ವಾರದ ಸಭೆ

ಹಂಗಳದಿಂದ ಗುಂಡ್ಲುಪೇಟೆಗೆ ಸೇವಾಸಂಘದ ವಾರದ ಸಭೆಗೆಂದು ನಾನು ಹೊರಟಾಗಲೆಲ್ಲ ಮನೆಯವರು ನಗುವುದುಂಟು. ಗಂಟೆ ಬಾರಿಸಿ, ವರದಿ ಓದಿ, ಕಾಫಿ ಕುಡಿದು ಬರುವುದಕ್ಕೆ ಇಷ್ಟು ದೂರ ಹೋಗಬೇಕೆ ಎಂಬುದು ಅವರ ಪ್ರಶ್ನೆ. ಅದರಲ್ಲಿ ಸುಳ್ಳೇನೂ ಇಲ್ಲ. 1905ರಲ್ಲಿ ಚಿಕಾಗೋ ನಗರದ ವಕೀಲ ಪಾಲ್ ಹ್ಯಾರಿಸ್ ಮೂವರು ಮಿತ್ರರೊಡನೆ ಕಲೆತದ್ದು ಸ್ನೇಹಕ್ಕಾಗಿ. ಸೇವೆ ಅನಂತರ ಬಂದದ್ದು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದಲೇ ಅವರ ಸಂಘಕ್ಕೆ ರೋಟರಿ ಎಂಬ ಹೆಸರಾಯಿತು.

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಗೋಪಾಲಸ್ವಾಮಿ ಬೆಟ್ಟದ ಮಗ್ಗುಲು ಕರಿಯಾಯಿತು. ದೂರದೂರಿನ ತರುಣರೂ ಬಂದು ಹಸಿ ಸೊಪ್ಪಿನ ಕೊಂಬೆಗಳಿಂದ ಉರಿಯನ್ನು ಬಡಿದರು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಆ ವಾರ ನಮ್ಮ ಸಭೆಗೆ ಕುರ್ಚಿಗಳು ಸಾಲಲಿಲ್ಲ. ಅನ್ನದ ಪೊಟ್ಟಣ, ನೀರು, ಬಾಳೆಹಣ್ಣು ಕೇಳುವ ಮೊದಲೇ ಬಂದವು.

ಮಳೆ ಬಿದ್ದು ಬೆಟ್ಟ ಹಸಿರಾಯಿತು. ಕುರ್ಚಿಗಳು ಮತ್ತೆ ಬರಿದಾದವು. ಉಳಿದ ಏಳೆಂಟು ಮಂದಿಯ ಮುಂದೆ ನಮ್ಮ ಬೀದಿಯ ಮುದುಕಿಯೊಬ್ಬಳ ಮಾತನ್ನಿಟ್ಟೆ. ಸೌದೆಗೆಂದು ಕಾಡಿಗೆ ಹೋಗಬೇಡವೆಂದು ನಾನು ಹೇಳಿದಾಗ ಆಕೆ, “ಆನ ಕಂಡ್ರ ನನಗೂ ಭಯನೇಯ ಮೇಷ್ಟ್ರೇ. ಒಲಗ ಏನ ಮಡಗಲಿ?” ಎಂದಿದ್ದಳು. ಗ್ಯಾಸಿನ ಒಲೆ ಆಕೆಯ ಮನೆಯಲ್ಲಿತ್ತು; ಖಾಲಿಯಾದ ಸಿಲಿಂಡರನ್ನು ತುಂಬಿಸಲು ಹಣವಿರಲಿಲ್ಲ.

ಸಿಲಿಂಡರಿನ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವ ಉತ್ಸಾಹ, ಸದ್ಯ, ಯಾರಿಗೂ ಬರಲಿಲ್ಲ. ಒಂದೊಂದು ಸಲ ಒಬ್ಬೊಬ್ಬರು ತುಂಬಿಸಿಕೊಡುವುದೆಂದು ವರದಿಯ ಪುಸ್ತಕದಲ್ಲಿ ಬರೆದುಕೊಂಡೆವು. ಈ ತಿಂಗಳು ಸರದಿ ನನ್ನದು.